ಹಾಡಿಯ ಅಂಚಿನಲ್ಲಿ ಬಾವಲಿಗಳ ಲೆಕ್ಕ

ಉಡುಪಿ ಜಿಲ್ಲೆಯ ಕೊಕ್ಕರ್ಣೆಯಿಂದ ಹೆಬ್ರಿಯವರೆಗಿನ ಸೀತಾನದಿ ಸೀಮೆಯಲ್ಲಿ ಗದ್ದೆಬೈಲು, ಅಡಿಕೆ ತೋಟ, ರಬ್ಬರ್ ಮತ್ತು ಅಕೇಶಿಯಾ ನೆಡುತೋಪುಗಳ ನಡುವೆ ಹಾಡಿಗಳೆನ್ನುವ ಊರಕಾಡುಗಳೂ ನಾಗಬನಗಳೂ ತುಂಡುತುಂಡಾಗಿ ಉಳಿದಿವೆ. ಮೂಡಣಕ್ಕೆ ಸೋಮೇಶ್ವರ ಅಭಯಾರಣ್ಯ, ಅದರ ಮೇಲೆ ಆಗುಂಬೆಯ ಮಳೆಕಾಡು. ಮುಸ್ಸಂಜೆಯಾದರೆ ಹಾಡಿಯ ಅಂಚಿನಲ್ಲೂ ಬೀದಿದೀಪದ ಸುತ್ತಲೂ ಬಾವಲಿಗಳು ಹಾರಾಡುವುದು ಕಾಣುತ್ತದೆ. ಕಾಡು ಹರಿದು ಹಂಚಿಹೋದರೂ ಬಾವಲಿಗೇನೂ ಕುಂದಿಲ್ಲ ಎಂದು ಇದರಿಂದ ನಂಬಿಬಿಟ್ಟರೆ ತಪ್ಪಾಗುತ್ತದೆ. ಯಾವ ಬಾವಲಿ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಅಂಚು ತೀರ್ಮಾನಿಸುತ್ತಿರುತ್ತದೆ; ತಲೆ ಎಣಿಸಿದರೆ ಅದು ಗೊತ್ತಾಗುವುದಿಲ್ಲ.

ಕಾರಣ ರೆಕ್ಕೆಯಲ್ಲೂ ದನಿಯಲ್ಲೂ ಇದೆ. ಕುದುರೆಲಾಳದಾಕಾರದ ಮೂಗಿನ ಬಾವಲಿಗಳಿಗೆ ಗಿಡ್ಡನೆಯ ಅಗಲ ರೆಕ್ಕೆ. ಅವು ನಿಧಾನವಾಗಿ, ಕೊಂಬೆಗಳ ಸಂದಿಯಲ್ಲಿ ನುಸುಳಿ ಹಾರಬಲ್ಲವು. ಅವು ಹೊರಡಿಸುವ ಅತಿ ಎತ್ತರದ ದನಿ ಗಾಳಿಯಲ್ಲಿ ಬೇಗ ಕರಗುತ್ತದೆ, ಆದರೆ ಎಲೆಗಳ ನಡುವೆ ಪತಂಗದ ರೆಕ್ಕೆ ಬಡಿತವನ್ನು ಪತ್ತೆ ಹಚ್ಚುತ್ತದೆ. ದಟ್ಟ ಕಾಡಿಗೆ ಹೇಳಿಮಾಡಿಸಿದ ಈ ದೇಹ ಬಯಲಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ಬೆಳಕಿಗೂ ಇವು ಅಂಜುತ್ತವೆ. ಉದ್ದನೆಯ ಕಿರಿದಾದ ರೆಕ್ಕೆಯ, ವೇಗವಾಗಿ ಹಾರುವ ಬಾವಲಿಗಳಿಗೆ ತೆರೆದ ಜಾಗವೇ ಬೇಟೆಯ ಬಯಲು. ಪುಟ್ಟ ಪಿಪಿಸ್ಟ್ರೆಲ್ ಬಾವಲಿಗಳಂತೂ ದೀಪಕ್ಕೆ ಮುತ್ತುವ ಹುಳುಗಳನ್ನೇ ತಿಂದು ಬದುಕಬಲ್ಲವು. ಮುಸ್ಸಂಜೆ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಈ ಎರಡನೆಯ ಗುಂಪು.

ತಮಿಳುನಾಡಿನ ಆನೆಮಲೆಯ ವಾಲ್ಪಾರೈಯಲ್ಲಿ ಸಂಶೋಧಕಿ ಕ್ಲೇರ್ ವರ್ಡ್ಲಿ ಹಾಗೂ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ದಿವ್ಯಾ ಮುದ್ದಪ್ಪ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದಕ್ಕೆ ಹತ್ತಿರದ ಸಾಕ್ಷಿ. ಚಹಾ ತೋಟದಲ್ಲಿ ಬಾವಲಿಗಳ ವೈವಿಧ್ಯ ಕುಸಿದಿತ್ತು, ಕಾಡಿಗೆ ಹೊಂದಿಕೊಂಡ ಬಗೆಗಳು ಅಲ್ಲಿ ವಿರಳವಾಗಿದ್ದವು. ಸ್ಥಳೀಯ ಮರಗಳ ನೆರಳಿದ್ದ ಕಾಫಿ ತೋಟದ ಸ್ಥಿತಿ ಎಷ್ಟೋ ಮೇಲು. ಕಾಡಿನ ತುಣುಕುಗಳೂ ಹೊಳೆದಂಡೆಯ ಮರಸಾಲುಗಳೂ ಬಾವಲಿಗಳಿಗೆ ಆಸರೆಯಾಗಿದ್ದವು. ಎಂದರೆ ಅಂಚಿನಾಚೆ ಏನಿದೆ ಎಂಬುದೂ ಅಷ್ಟೇ ಮುಖ್ಯ.

ಪುಟ್ಟ ಹಾಡಿಗೆ ಲೆಕ್ಕಾಚಾರವೂ ಪ್ರತಿಕೂಲ. ಅಂಚಿನ ಬಿಸಿಲು, ಗಾಳಿ, ಒಣಹವೆ 100 ಮೀಟರ್ ಒಳಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಚೌಕಾಕಾರದ 100 ಹೆಕ್ಟೇರ್ ಕಾಡಿನಲ್ಲಿ 64 ಹೆಕ್ಟೇರ್ ಒಳಕಾಡು ಉಳಿಯುತ್ತದೆ. 10 ಹೆಕ್ಟೇರಿನಲ್ಲಿ ಒಂದೂಕಾಲು ಹೆಕ್ಟೇರಿಗಿಂತ ತುಸು ಹೆಚ್ಚು. 1 ಹೆಕ್ಟೇರಿನಲ್ಲಿ ಏನೂ ಇಲ್ಲ, ಇಡೀ ಹಾಡಿಯೇ ಅಂಚು.

ಹಾಗಿದ್ದರೆ ಚಿಕ್ಕ ಬನವನ್ನು ಉಳಿಸಿ ಏನು ಫಲ, ಒಳಕಾಡಿನ ಬಾವಲಿಗಳಿಗೆ ಅಭಯಾರಣ್ಯ ಸಾಲದೇ ಎಂದು ಕೇಳಬಹುದು. ಆದರೆ ಬಾವಲಿ ರಾತ್ರಿಯಿಡೀ ಒಂದೇ ಜಾಗದಲ್ಲಿ ಇರುವುದಿಲ್ಲ. ಬನದ ಹಳೆಯ ಮರದ ಪೊಟರೆ ಹಗಲಿನ ಮನೆಯಾಗುತ್ತದೆ, ಹೊಳೆದಂಡೆಯ ಮರಸಾಲು ದಾರಿಯಾಗುತ್ತದೆ. ಸಮವಯಸ್ಸಿನ ಅಕೇಶಿಯಾ ತೋಪು ಅಂಥ ಪೊಟರೆ ಕೊಡದು. ಹಣ್ಣುಬಾವಲಿ ಹಣ್ಣಡಿಕೆ ಹಾಳುಮಾಡುತ್ತದೆ, ನಿಫಾ ಸೋಂಕು ತರುತ್ತದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಆ ಸೋಂಕಿನಿಂದಾದ ಸಾವುಗಳು ಕರಾವಳಿಯನ್ನೆಲ್ಲ ನಡುಗಿಸಿದವು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನದಿರುವುದು ವಿವೇಕ. ಆದರೆ ಗೂಡುಮರ ಕಡಿದರೆ ಹಿಂಡು ಚದುರಿ ಮನೆ, ತೋಟಗಳಿಗೆ ಇನ್ನಷ್ಟು ಹತ್ತಿರ ಬರಬಹುದು. ಹುಳ ತಿನ್ನುವ ಬಾವಲಿ ಪೈರು ಕಾಯುವುದನ್ನೂ, ಹಣ್ಣುಬಾವಲಿ ಅತ್ತಿ, ಸುರಹೊನ್ನೆಯ ಬೀಜ ಹರಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಕೊಕ್ಕರ್ಣೆಯಂಥ ಊರಿಗೆ ಬೇಕಾದ ಕೆಲಸ ಸ್ಪಷ್ಟ. ಹಾಡಿಗಳ ನಡುವೆ ಹೊಸ ರಸ್ತೆ ಸೀಳದಿರಲಿ. ಸೀತಾನದಿಯ ದಂಡೆಯ ಮರಗಳು ಕಡಿತವಿಲ್ಲದೆ ಸಾಗಲಿ. ಅಕೇಶಿಯಾ ಕಟಾವಾದ ಜಾಗದಲ್ಲಿ ಊರಿನ ಮರಗಳು ಏಳಲಿ. ನಾಗಬನದ ಕಡೆಗೆ ಪ್ರಖರ ದೀಪ ಬೇಡ. ಅಂಚನ್ನು ಪೂರ್ತಿ ಅಳಿಸಲಾಗದು, ಅದನ್ನು ಮೃದುವಾಗಿಸುವುದು ನಮ್ಮ ಕೈಯಲ್ಲೇ ಇದೆ.