ಮೂರಡಿ ದೂರದ ಅಳುಕು

ಕಳೆದ ವರ್ಷ ಬ್ಯಾಂಕೊಂದು ನನ್ನ ಚೆಕ್ಕನ್ನು ಹಿಂದಿರುಗಿಸಿತು. ಸಹಿ ಹೊಂದಿಕೆಯಾಗುತ್ತಿಲ್ಲ ಎಂಬುದು ಕಾರಣ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ಮೇಲೆ ಹಾಕುತ್ತ ಬಂದ ಸಹಿ ಅದು. ಬಲಗೈ ಸಣ್ಣಗೆ ನಡುಗುತ್ತಿದೆಯೆಂದು ನಾನು ಒಪ್ಪಿಕೊಂಡದ್ದು ಅಂದೇ. ವಯಸ್ಸಾದಂತೆ ಕೆಲವರಲ್ಲಿ ಕಾಣಿಸುವ ನಡುಕವಿದು, ಪಾರ್ಕಿನ್ಸನ್ ಕಾಯಿಲೆಯಲ್ಲ ಎಂದು ವೈದ್ಯರು ಧೈರ್ಯ ಹೇಳಿದರು. ಆದರೆ ಬ್ಯಾಂಕಿಗಿಂತ ಮೊದಲೇ ಇದನ್ನು ಗುರುತಿಸಿದ್ದವರು ನನ್ನ ಗಾಲ್ಫ್ ಸಂಗಾತಿಗಳು.

ಗಾಲ್ಫ್ ಸಿರಿವಂತರ ಆಟವೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಸರ್ಕಾರಿ ಹುದ್ದೆಯ ದೆಸೆಯಿಂದ ದೊರೆತ ಸದಸ್ಯತ್ವವಿಲ್ಲದಿದ್ದರೆ ನಾನೂ ಬೇಲಿಯಾಚೆಯೇ ನಿಂತು ನೋಡಬೇಕಾಗಿತ್ತು. 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಕಂಡ ಬೆಂಗಳೂರಿನಲ್ಲಿ ಈ ಆಟದ ಬಗ್ಗೆ ಸಾರ್ವಜನಿಕ ಕುತೂಹಲ ನಿಜವಾಗಿ ಹುಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ ಇಡೀ ಊರೇ ನಸುಕಿನಲ್ಲೆದ್ದು ಟಿ.ವಿ. ಮುಂದೆ ಕುಳಿತಿತ್ತು. ದೂರದ ಹೊಡೆತದಲ್ಲಿ ಅನೇಕರಿಗಿಂತ ಹಿಂದಿದ್ದ ಆಕೆಯನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಕೈಯಲ್ಲಿದ್ದ ಪಟರ್.

ಚೆಂಡು ಗ್ರೀನ್ ತಲುಪಿದ ಮೇಲೆ ಅದನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಸೇರಿಸುವ ಕೋಲೇ ಪಟರ್. 72 ಹೊಡೆತಗಳ ಅಂಗಳದಲ್ಲಿ ಅರ್ಧದಷ್ಟನ್ನು, ಅಂದರೆ ಕುಳಿಗೆ ಎರಡರಂತೆ 36ನ್ನು, ಲೆಕ್ಕಾಚಾರ ಇದಕ್ಕೇ ಮೀಸಲಿಟ್ಟಿದೆ. ಕುಳಿಯ ಅಗಲ ನಾಲ್ಕೂಕಾಲು ಇಂಚು. ಮೂರಡಿ ದೂರದಿಂದ ಮಗುವೂ ಹಾಕೀತು ಎನಿಸುತ್ತದೆ. ಕೈ ನಡುಗುವವನಿಗೆ ಆ ಮೂರಡಿಯೇ ಸಮುದ್ರ. ನಾನು ಅಲ್ಲಿ ತಪ್ಪತೊಡಗಿದಾಗ ಗೆಳೆಯರು ‘ಆಯಿತು ಬಿಡಿ, ಎತ್ತಿಕೊಳ್ಳಿ’ ಎನ್ನಲಾರಂಭಿಸಿದರು. ಆಡದೆಯೇ ಚೆಂಡು ಕುಳಿ ಸೇರಿತೆಂದು ಎದುರಾಳಿ ಬಿಟ್ಟುಕೊಡುವ ಸೌಜನ್ಯವಿದು. ಸೌಜನ್ಯ ಯಾವಾಗ ಕನಿಕರವಾಗುತ್ತದೆಂಬುದು ಪಡೆಯುವವನಿಗೆ ತಟ್ಟನೆ ತಿಳಿಯುತ್ತದೆ.

‘ಮ್ಯಾಲೆಟ್ ಹಿಡೀರಿ ಸಾರ್, ತಲೆ ಭಾರ ಐತೆ, ಕೈ ಸುಮ್ಕಿರ್ತದೆ’ ಎಂದವರು ನಮ್ಮ ಕ್ಯಾಡಿ. ನನ್ನ ಹಳೆಯ ಪಟರ್ ತೆಳುವಾದ ಬ್ಲೇಡ್ ಮಾದರಿಯದು. ಮ್ಯಾಲೆಟ್ ಎಂದರೆ ಕೊಡತಿ. ಅದರ ತಲೆ ದಪ್ಪ, ಹಿಂದಕ್ಕೆ ಚಾಚಿದ ಆಕಾರ. ಭಾರವನ್ನು ನಡುವಿನಿಂದ ಅಂಚುಗಳಿಗೆ ಸರಿಸಿರುತ್ತಾರೆ. ಹೀಗಾಗಿ ಚೆಂಡು ನಟ್ಟನಡುವೆ ತಾಗದೆ ಬದಿಗೆ ತಾಗಿದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಶಾಲೆಯಲ್ಲಿ ಕಲಿತ ಜಡತ್ವದ ಪಾಠವೇ ಇದು.

ಈ ಕೊಡತಿಗೆ ಸ್ವಾರಸ್ಯಕರ ಇತಿಹಾಸವಿದೆ. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್, ಜನರಲ್ ಎಲೆಕ್ಟ್ರಿಕ್ ಕಂಪನಿಯ ನೌಕರನೊಬ್ಬ ರೂಪಿಸಿದ ‘ಸ್ಕೆನೆಕ್ಟಡಿ’ ಪಟರ್ ಹಿಡಿದು ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಗೆದ್ದ. ಮೂವತ್ತೈದರ ಸುಮಾರಿಗೆ ಆಟ ಕಲಿತಿದ್ದ ಆತನಿಗೆ ಆಗ 42 ವರ್ಷ. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ನಿಯಮ ನಿರ್ಮಾಪಕರು ಅಂಥ ಪಟರ್‌ಗಳನ್ನು ಕಾನೂನುಬಾಹಿರವೆಂದರು. ನಿಷೇಧ ತೆರವಾಗಲು 1950ರ ದಶಕವೇ ಬರಬೇಕಾಯಿತು. ಆದೇಶ ಹೊರಡಿಸುವುದು ಸುಲಭ, ಹಿಂಪಡೆಯುವುದು ಕಷ್ಟ. ಇದನ್ನು ನನ್ನ ಹಳೆಯ ಸಹೋದ್ಯೋಗಿಗಳಿಗೆ ವಿವರಿಸಬೇಕಿಲ್ಲ. 2024ರ ಮಾರ್ಚ್‌ನಲ್ಲಿ ವಿಶ್ವದ ಅಗ್ರಮಾನ್ಯ ಸ್ಕಾಟಿ ಶೆಫ್ಲರ್ ಸಹ ಬ್ಲೇಡ್ ಬಿಟ್ಟು ಮ್ಯಾಲೆಟ್ ಹಿಡಿದು ಆ ವಾರವೇ ಗೆದ್ದರು. ಹಾಗೆ ಮಾಡಿದರೆ ಒಳಿತೆಂದು ಟಿ.ವಿ.ಯಲ್ಲಿ ಸೂಚಿಸಿದ್ದವರು ಅವರ ಪ್ರತಿಸ್ಪರ್ಧಿ ಮೆಕಿಲ್‌ರಾಯ್.

ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಮ್ಯಾಲೆಟ್‌ಗೆ ಮೂವತ್ತು ಸಾವಿರ ದಾಟಿದ ಬೆಲೆ. ಮೂಲೆಯಲ್ಲಿ ಆರೂವರೆ ಸಾವಿರದ್ದೂ ಒಂದಿತ್ತು (ಹೆಸರು ಹೇಳಿದರೆ ಜಾಹೀರಾತಾದೀತು). ಮಾರಾಟಗಾರ ಅದರತ್ತ ನೋಡಲೂ ಇಲ್ಲ. ಬೆಲೆ ಹೆಚ್ಚಿದಷ್ಟೂ ಬೇಡಿಕೆ ಹೆಚ್ಚುವ ಸರಕುಗಳ ಬಗ್ಗೆ ಎಂ.ಎ. ತರಗತಿಯಲ್ಲಿ ವೆಬ್ಲೆನ್‌ನ ಹೆಸರಿನಲ್ಲಿ ಓದಿದ್ದೆ. ಉದಾಹರಣೆ ಕಣ್ಣೆದುರೇ ಇತ್ತು. ದುಬಾರಿಯದನ್ನು ಒಂದೇ ಲೋಹದ ಗಟ್ಟಿಯಿಂದ ಕಡೆದಿರುತ್ತಾರೆ. ಅಗ್ಗದ್ದು ಎರಕ ಹೊಯ್ದದ್ದು. ಉಳಿದ ಅಂತರದಲ್ಲಿ ಬಹುಪಾಲು ಹೆಸರಿನ ಬೆಲೆ, ಆಟಗಾರರಿಗೆ ಕೊಡುವ ಸಂಭಾವನೆ. ಭಾರವನ್ನು ಅಂಚಿಗೆ ಸರಿಸುವ ಜ್ಯಾಮಿತಿ ಯಾರ ಸ್ವತ್ತೂ ಅಲ್ಲ. ದಂಡವನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿಸಿದೆ. ಅದರ ಮುಖ ಆಕಾಶ ನೋಡಿತು. ನೇರ ಹಿಂದಕ್ಕೆ, ನೇರ ಮುಂದಕ್ಕೆ ಬೀಸುವ ನನ್ನಂಥವರಿಗೆ ಅದು ಹೊಂದುವ ಲಕ್ಷಣ. 35 ಇಂಚಿನ ದಂಡ ನನ್ನ ಎತ್ತರಕ್ಕೆ ಉದ್ದವೆನಿಸಿ ಒಂದೂವರೆ ಇಂಚು ಕತ್ತರಿಸಿ ದಪ್ಪ ಗ್ರಿಪ್ ಹಾಕಿಸಿದೆ. ಅದಕ್ಕೆ ಬೇರೆ ಖರ್ಚು.

ಹತ್ತು ಸಂಜೆ ಪರೀಕ್ಷಿಸಿದೆ. ದಿನವೂ ಹಳೆಯದರಲ್ಲಿ 20, ಹೊಸದರಲ್ಲಿ 20 ಚೆಂಡು, ಮೊದಲು ಮೂರಡಿಯಿಂದ, ಬಳಿಕ ಆರಡಿಯಿಂದ. ಯಾವುದು ಮೊದಲೆಂಬುದನ್ನು ಅದಲುಬದಲು ಮಾಡಿದೆ. ಆರಡಿಯಿಂದ ಇನ್ನೂರಕ್ಕೆ ಹಳೆಯದು 84, ಹೊಸದು 91. ಇದು ಕೇವಲ ಆಕಸ್ಮಿಕವಿರಬಹುದು. ಇಷ್ಟಕ್ಕೆ ಹಣ ಸುರಿಯಲು ಯಾವ ಹಣಕಾಸು ಇಲಾಖೆಯೂ ಒಪ್ಪದು. ಮೂರಡಿಯಿಂದ ಮಾತ್ರ 142ಕ್ಕೆ 168. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಆದರೆ ಕೈಯಲ್ಲಿರುವುದು ಯಾವುದೆಂದು ನನಗೇ ಗೊತ್ತಿರುವಾಗ ನಂಬಿಕೆಯ ಪಾಲೆಷ್ಟು, ಕೊಡತಿಯ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? ದೂರದ ಹೊಡೆತಗಳಲ್ಲಂತೂ ಹೊಸದು ಸೋತಿತು. ಬ್ಲೇಡ್ ತಾಗಿದೊಡನೆ ಬೆರಳಿಗೆ ಸಿಗುತ್ತಿದ್ದ ಸುದ್ದಿ ಇಲ್ಲಿ ಮಂಕು. ಮೂವತ್ತಡಿಯ ಚೆಂಡು ಐದಡಿ ಮುಂದೋಡುತ್ತಿತ್ತು. ಮಳೆ ಬಂದು ಗ್ರೀನ್ ನಿಧಾನವಾದ ದಿನ ಅಷ್ಟೇ ಹಿಂದೆಯೇ ನಿಂತಿತು. ಈ ಭಾರಕ್ಕೆ ಒಗ್ಗಲು ಎರಡು ತಿಂಗಳು ಬೇಕಾಯಿತು.

ಆಮೇಲೊಂದು ಭಾನುವಾರ, ಹದಿನೇಳನೆಯ ಕುಳಿಯಲ್ಲಿ, ಸರಿಯಾಗಿ ಮೂರಡಿ ಉಳಿದಿತ್ತು. ‘ಎತ್ತಿಕೊಳ್ಳಿ’ ಎಂದರು ಗೆಳೆಯರು. ‘ಬೇಡ, ಆಡುತ್ತೇನೆ’ ಎಂದೆ. ಚೆಂಡು ಕುಳಿಯ ಅಂಚನ್ನು ಸುತ್ತಿ ಹೊರಗೇ ನಿಂತಿತು. ಯಾರೂ ಮಾತನಾಡಲಿಲ್ಲ, ಅಂದಿನ ಕಾಫಿ ನನ್ನ ಲೆಕ್ಕಕ್ಕೆ ಬಂತು. ಮುಂದಿನ ಭಾನುವಾರದಿಂದ ಅವರು ‘ಎತ್ತಿಕೊಳ್ಳಿ’ ಎನ್ನುವುದನ್ನು ಬಿಟ್ಟಿದ್ದಾರೆ.