ಪ್ರೇಷಕ-ಗ್ರಾಹಕ ಯಂತ್ರದ ಆಯ್ಕೆ

ದೂರದಲ್ಲಿರುವವರೊಡನೆ ಸಂಭಾಷಿಸಬೇಕೆಂಬ ಹಂಬಲ ಮಾನವನಿಗೆ ಸಹಜವಾದುದು. ಲಾಭಾಪೇಕ್ಷೆಯಿಲ್ಲದೆ, ಜ್ಞಾನಾರ್ಜನೆಗಾಗಿಯೂ ಸ್ನೇಹಕ್ಕಾಗಿಯೂ ಬಾನುಲಿಯ ಮೂಲಕ ಈ ಹಂಬಲವನ್ನು ಈಡೇರಿಸಿಕೊಳ್ಳುವವರಿಗೆ ‘ಹ್ಯಾಮ್’ಗಳೆಂದು ಹೆಸರು. ಅವರ ಮುಖ್ಯ ಸಾಧನ ಟ್ರಾನ್ಸೀವರ್. ಕಳುಹಿಸುವ ಯಂತ್ರದ ಹೆಸರಿನ ಪೂರ್ವಭಾಗವನ್ನೂ ಸ್ವೀಕರಿಸುವ ಯಂತ್ರದ ಹೆಸರಿನ ಉತ್ತರಭಾಗವನ್ನೂ ಬೆಸೆದು ರಚಿಸಿದ ಪದವಿದು. ಕನ್ನಡದಲ್ಲಿ ಪ್ರೇಷಕ-ಗ್ರಾಹಕ ಎನ್ನಬಹುದು. ಹೊಸದಾಗಿ ಯಂತ್ರ ಕೊಳ್ಳುವವರು ಪ್ರೇಷಕವನ್ನೇ ನೋಡಿ ಗ್ರಾಹಕವನ್ನು ಮರೆಯುವುದುಂಟು. “ಇದು ಎಷ್ಟು ವಾಟ್?” ಎಂಬುದೇ ಅವರ ಮೊದಲ ಪ್ರಶ್ನೆ.

ಶಕ್ತಿ ಹತ್ತು ಪಟ್ಟಾದರೆ ಕೇಳುವವನಿಗೆ ಧ್ವನಿಯೂ ಹತ್ತು ಪಟ್ಟಾಗುವುದೆಂದು ಭಾವಿಸಲಾಗದು. ಬಂದ ಸಂಕೇತದ ಬಲವನ್ನು ಗ್ರಾಹಕದಲ್ಲಿರುವ ಎಸ್-ಮಾಪಕವು ತೋರಿಸುತ್ತದೆ. ಅದರ ಒಂದು ಅಂಕೆ ಎಂದರೆ 6 ಡೆಸಿಬೆಲ್. ಅಷ್ಟು ಮೇಲೇರಲು ಶಕ್ತಿಯನ್ನು 4 ಪಟ್ಟು ಹೆಚ್ಚಿಸಬೇಕು. 10 ವಾಟಿನಿಂದ 100 ವಾಟಿಗೆ ಏರಿದರೂ ದೊರೆಯುವುದು 10 ಡೆಸಿಬೆಲ್, ಅಂದರೆ ಎರಡು ಅಂಕೆಗಿಂತಲೂ ಕಡಿಮೆ. 100 ವಾಟಿನಿಂದ 400 ವಾಟಿಗೆ ಏರಿದರೆ ಒಂದೇ ಅಂಕೆ. ತೆತ್ತ ಹಣಕ್ಕೂ ಪಡೆದ ಫಲಕ್ಕೂ ಇಲ್ಲಿ ಹೊಂದಿಕೆಯಿಲ್ಲ.

ಸಂಕೇತ ಸಾಗುವ ದಾರಿ ಶಕ್ತಿಗಿಂತ ಮುಖ್ಯವಾದುದು. 1957ರ ಅಕ್ಟೋಬರ್ 4ರಂದು ಆಕಾಶಕ್ಕೇರಿದ ಸ್ಪುಟ್ನಿಕ್‌ನ ಪ್ರೇಷಕದ ಶಕ್ತಿ ಕೇವಲ 1 ವಾಟ್. ಆದರೂ ಲೋಕದ ನಾನಾ ಭಾಗಗಳ ಹವ್ಯಾಸಿಗಳು ಅದರ ದನಿಯನ್ನು ಕೇಳಿದರು. ಭೂಮಿಯ ಮೇಲಿನ ದೂರ ಸಂಪರ್ಕದಲ್ಲಿ ಕಿರುತರಂಗಗಳನ್ನು ಹಿಂದಿರುಗಿಸುವುದು ಅಯಾನುಗೋಲ. ಅದು ಅನುಕೂಲವಾಗಿದ್ದಾಗ 5 ವಾಟಿನ ಮೋರ್ಸ್ ಸಂಕೇತವೂ ಸಮುದ್ರವನ್ನು ದಾಟುವುದು. ಪ್ರತಿಕೂಲವಾಗಿದ್ದಾಗ ನೂರಾರು ವಾಟುಗಳೂ ನಿಷ್ಫಲವಾಗಬಹುದು.

ಇನ್ನು ಆಂಟೆನದ ವಿಚಾರ. ಅದನ್ನು ಉತ್ತಮಪಡಿಸಿದರೆ ಕಳುಹಿಸುವುದೂ ಕೇಳುವುದೂ ಎರಡೂ ಸುಧಾರಿಸುತ್ತವೆ. ಶಕ್ತಿವರ್ಧಕ ಯಂತ್ರದಿಂದ ಕೇಳುವ ಸಾಮರ್ಥ್ಯ ಕಿಂಚಿತ್ತೂ ಹೆಚ್ಚದು. 7 ಮೆಗಾಹರ್ಟ್ಸ್ ಪಟ್ಟಿಗೆ ಸುಮಾರು 20 ಮೀಟರ್, 14 ಮೆಗಾಹರ್ಟ್ಸ್ ಪಟ್ಟಿಗೆ ಸುಮಾರು 10 ಮೀಟರ್ ಉದ್ದದ ತಂತಿಯನ್ನು ನಡುವೆ ಕತ್ತರಿಸಿ ಎತ್ತರದಲ್ಲಿ ಕಟ್ಟಿದರೆ ಡೈಪೋಲ್ ಆಂಟೆನ ಸಿದ್ಧವಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಹಾಗೆಂದು ಶಕ್ತಿಗೆ ಬೆಲೆಯೇ ಇಲ್ಲವೆಂದಲ್ಲ. ಗುಡುಗು-ಸಿಡಿಲಿನ ಕಾಲದಲ್ಲಿ ಗದ್ದಲ ಹೆಚ್ಚಿದಾಗ ಎರಡು ಅಂಕೆಗಳ ಅಂತರವೇ ಮಾತನ್ನು ಉಳಿಸಬಹುದು. ಮೋರ್ಸ್‌ಗಿಂತ ಮಾತಿಗೆ ಹೆಚ್ಚು ಶಕ್ತಿ ಬೇಕು. ಆದರೆ ಶಕ್ತಿ ಹೆಚ್ಚಿದಂತೆ ವಿದ್ಯುತ್ತಿನ ವೆಚ್ಚವೂ ನೆರೆಯವರ ಉಪಕರಣಗಳಿಗೆ ಆಗುವ ತೊಂದರೆಯೂ ಹೆಚ್ಚುತ್ತವೆ. 100 ವಾಟಿನ ಯಂತ್ರ ಮಾತನಾಡುವಾಗ 13.8 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ಬೇಡುತ್ತದೆ. 5 ವಾಟಿನ ಯಂತ್ರಕ್ಕೆ ಒಂದೆರಡು ಆಂಪಿಯರ್ ಸಾಕು.

ಈ ಲೆಕ್ಕದ ಮಹತ್ವ ತಿಳಿಯುವುದು ಆಪತ್ಕಾಲದಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನ್-ನಿಕೋಬಾರ್ ದ್ವೀಪಗಳ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳು ಅಲ್ಲಿನವರ ಕ್ಷೇಮವಾರ್ತೆಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ವಿದ್ಯುತ್ತಿಲ್ಲದ ಕಡೆ ಬ್ಯಾಟರಿಯೇ ಆಧಾರ. ಒಂದು ಗಂಟೆಯಲ್ಲಿ ಬರಿದಾಗುವ ಮಹಾಯಂತ್ರಕ್ಕಿಂತ ಇಡೀ ದಿನ ದುಡಿಯುವ ಕಿರುಯಂತ್ರ ಅಲ್ಲಿ ಹೆಚ್ಚು ಜನರಿಗೆ ಒದಗೀತು.

ಆದುದರಿಂದ ಯಂತ್ರವನ್ನು ಆರಿಸುವವರು ಮೊದಲು ಗ್ರಾಹಕವನ್ನು ಪರೀಕ್ಷಿಸತಕ್ಕದ್ದು. ಕ್ಷೀಣವಾದ ದನಿಯನ್ನು ಅದು ಹಿಡಿಯುವುದೇ? ಪಕ್ಕದ ಪ್ರಬಲ ಕೇಂದ್ರವನ್ನು ದೂರವಿರಿಸಿ ಬೇಕಾದುದನ್ನಷ್ಟೇ ಕೇಳಿಸುವುದೇ? ಬಳಿಕ ಬೇಕಾದ ತರಂಗಪಟ್ಟಿಗಳನ್ನೂ ವಿದ್ಯುತ್ತಿನ ಅನುಕೂಲವನ್ನೂ ನೋಡಿ, ಕೊನೆಯಲ್ಲಿ ವಾಟುಗಳನ್ನು ಎಣಿಸಬೇಕು. ಭಾರತ ಸರ್ಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪರವಾನಗಿ ಪಡೆಯದೆ ಯಾರೂ ಪ್ರೇಷಕವನ್ನು ನಡೆಸಕೂಡದು. ಪರವಾನಗಿಯ ದರ್ಜೆಯೇ ಶಕ್ತಿಯ ಮಿತಿಯನ್ನು ವಿಧಿಸುತ್ತದೆ.

ಕೇಳಿಸದ ಕೇಂದ್ರಕ್ಕೆ ಉತ್ತರ ಕೊಡಲು ಯಾವ ಶಕ್ತಿಯಿಂದಲೂ ಆಗದು. ಚೆನ್ನಾಗಿ ಆಲಿಸಿ, ಅವಶ್ಯವಿದ್ದಷ್ಟೇ ಶಕ್ತಿಯಿಂದ ನುಡಿಯುವುದು ಈ ಹವ್ಯಾಸದ ಸದಾಚಾರ. ವಿದ್ಯಾರ್ಥಿಗಳು ಇದನ್ನು ಬಾನುಲಿಯಲ್ಲಿ ಕಲಿತರೆ ಬಾಳಿನಲ್ಲಿಯೂ ಅದು ನೆರವಾಗುವುದರಲ್ಲಿ ಸಂದೇಹವಿಲ್ಲ.