ಷಾನ ಮುಖ ಹೊತ್ತ ಬೊಹೀಮಿಯಾದ ಗಾಜು

ಗಂಟೆಯಾಕಾರದ ಹೊಟ್ಟೆ, ಗಿಡ್ಡ ಕುತ್ತಿಗೆ. ಒಳಗೆ ತಿಳಿಗಾಜು, ಅದರ ಮೇಲೆ ಮಾಣಿಕ್ಯಗೆಂಪು, ಅದರ ಮೇಲೆ ಹಾಲುಬಿಳುಪಿನ ಇನ್ನೊಂದು ಪದರ. ಬಿಳಿಯನ್ನು ಅಲ್ಲಲ್ಲಿ ಸಾಣೆಚಕ್ರಕ್ಕೆ ಕೊಟ್ಟು ಕೆಂಪು ಕಾಣುವ ಹಾಗೆ ಕೊರೆದಿದ್ದಾರೆ. ಉಳಿದ ಬಿಳಿಯ ತುಂಬ ಗುಲಾಬಿ ಗೊಂಚಲು, ಅಂಚಿಗೆಲ್ಲ ಚಿನ್ನದ ಗೆರೆ. ನಡುವೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ದಪ್ಪ ಮೀಸೆಯ, ಗರಿ ಸಿಕ್ಕಿಸಿದ ಕಪ್ಪು ಟೋಪಿಯ ಒಬ್ಬ ದೊರೆ.

ಇದು ಗುಡುಗುಡಿಯ ನೀರಿನ ಬುರುಡೆ. ದೊರೆ, 1848ರಿಂದ 1896ರವರೆಗೆ ಇರಾನನ್ನು ಆಳಿದ ನಾಸಿರುದ್ದೀನ್ ಷಾ (ಕಾಸರವಳ್ಳಿಯವರ ‘ಮನೆ’ ಚಿತ್ರದ ನಟನಲ್ಲ). ಆದರೆ ಇಂಥ ಬುರುಡೆಗಳನ್ನು ಊದಿ, ಕೊರೆದು, ಬಣ್ಣ ಹಚ್ಚಿದವರು ಬೊಹೀಮಿಯಾದ, ಅಂದರೆ ಇಂದಿನ ಚೆಕ್ ಗಣರಾಜ್ಯದ, ಕಾಡುಕಣಿವೆಗಳ ಕುಶಲಕರ್ಮಿಗಳು. ಹೆಚ್ಚಿನವರು ಇರಾನನ್ನು ಕಂಡವರಲ್ಲ. ಮುದ್ರಿತ ಚಿತ್ರವನ್ನೋ ಫೋಟೊವನ್ನೋ ಎದುರಿಗಿಟ್ಟುಕೊಂಡು ಷಾನ ಮೀಸೆ ತಿದ್ದಿದವರು.

ಹರಾಜು ಮನೆಗಳಲ್ಲಿ ಇಂಥ ಸಾಮಾನಿಗೆ ‘ಪರ್ಷಿಯನ್ ಮಾರುಕಟ್ಟೆಗೆ ಮಾಡಿದ್ದು’ ಎಂಬ ಚೀಟಿ ಇರುತ್ತದೆ. ಗುಡುಗುಡಿಯ ಜೊತೆಗೆ ಉದ್ದ ಕುತ್ತಿಗೆಯ ಪನ್ನೀರುದಾನಿ, ಮುಚ್ಚಳ-ತಟ್ಟೆ ಸಮೇತದ ಷರಬತ್ತಿನ ಬಟ್ಟಲು, ಮೇಣದಬತ್ತಿಗೆ ಗಾಳಿ ತಾಗದಂತೆ ಮೇಲೆ ಗಾಜಿನ ಹೂವರಳಿಸಿದ ‘ಲಾಲೆ’ ದೀಪ. ಯುರೋಪಿನ ಕಲಾಪ್ರಿಯರಲ್ಲಿ ಅನೇಕರು ಇದನ್ನೆಲ್ಲ ‘ರಫ್ತಿನ ಸರಕು’, ಬಣ್ಣ ಹೆಚ್ಚಾಯಿತು ಎಂದು ಮೂಗು ಮುರಿದದ್ದುಂಟು. ಆ ಮಾತಿನಲ್ಲಿ ಗಿರಾಕಿಯ ಲೆಕ್ಕವೇ ಇಲ್ಲ. ಆಕಾರ ಇರಾನಿಯರದು, ಬಳಕೆ ಅವರದು, ಯಾವ ಬಣ್ಣ ಎಷ್ಟು ಬೇಕೆಂಬ ಹಟವೂ ಅವರದು. ಬೊಹೀಮಿಯಾದವರದು ಕೈ ಮಾತ್ರ.

ಆ ಕೈ ಸಾಮಾನ್ಯದ್ದಲ್ಲ. ಕುಲುಮೆಗೆ ಸೌದೆ, ಕ್ಷಾರಕ್ಕೆ ಅದೇ ಸೌದೆಯ ಬೂದಿ, ಜೊತೆಗೆ ಬೆಣಚುಕಲ್ಲಿನ ಪುಡಿ, ಸುಣ್ಣ: ಇಷ್ಟರಲ್ಲಿ ಅವರು ಗಟ್ಟಿಯಾದ, ಕೆತ್ತನೆ ತಾಳುವ ಗಾಜು ಕರಗಿಸುತ್ತಿದ್ದರು. ಗೆಯೋರ್ಗ್ ಫ್ರಾಂಟ್ಸ್ ಕ್ರೈಬಿಖ್ ಎಂಬ ವ್ಯಾಪಾರಿ 1683ರಲ್ಲೇ ತಳ್ಳುಗಾಡಿಯಲ್ಲಿ ಗಾಜು ಹೇರಿಕೊಂಡು ದೇಶ ಸುತ್ತಲು ಹೊರಟಿದ್ದ. 19ನೇ ಶತಮಾನದಲ್ಲಿ ಫ್ರೀಡ್ರಿಖ್ ಎಗರ್‌ಮಾನ್ ಎಂಬಾತ ಬಣ್ಣದ ಲೆಕ್ಕವನ್ನೇ ಬದಲಿಸಿದ. ಮೊದಲು ಬೆಳ್ಳಿಯಿಂದ ಹಳದಿ, 1832ರ ಹೊತ್ತಿಗೆ ತಾಮ್ರದಿಂದ ಕೆಂಪು. ಅಲ್ಲಿಯವರೆಗೆ ಮಾಣಿಕ್ಯದ ಬಣ್ಣಕ್ಕೆ ಸಾಮಾನ್ಯವಾಗಿ ಚಿನ್ನ ಕರಗಿಸಬೇಕಿತ್ತು. ಎಗರ್‌ಮಾನ್‌ನ ಕೆಂಪು ಗಾಜಿನ ಮೈಮೇಲೆ ಕೂರುವ ಬಲು ತೆಳುವಾದ ಲೇಪ. ಚಕ್ರ ಸೋಕಿದರೆ ಸಾಕು, ಕೆಳಗಿನ ತಿಳಿಗಾಜು ಹೊಳೆಯುತ್ತದೆ. ಅಗ್ಗದ ಸಾಮಾನಿಗೆ ಈ ಲೇಪ, ದುಬಾರಿಯದಕ್ಕೆ ಪದರದ ಮೇಲೆ ಪದರ. ಎನಾಮಲ್ ಹೂಗಳನ್ನೂ ಚಿನ್ನವನ್ನೂ ಬರೆದ ಮೇಲೆ ಚಿಕ್ಕ ಗೂಡಿನಲ್ಲಿ ಹದವಾಗಿ ಬೇಯಿಸಬೇಕು. ಕಾವು ಮಿತಿ ಮೀರಿದರೆ ಬುರುಡೆಯೇ ಕುಸಿಯುತ್ತದೆ.

ಅಲ್ಲಿಂದ ಇರಾನಿಗೆ ಸಾಗಿಸುವುದು ಇನ್ನೊಂದು ಸಾಹಸ. ಆ ಶತಮಾನದ ದೊಡ್ಡ ವ್ಯಾಪಾರದ ದಾರಿಗಳಲ್ಲಿ ಒಂದು ಇಸ್ತಾಂಬುಲ್, ಕಪ್ಪು ಸಮುದ್ರದ ದಡದ ಟ್ರಾಬ್ಜಾನ್, ಅಲ್ಲಿಂದ ಒಂಟೆ-ಹೇಸರಗತ್ತೆಗಳ ಬೆನ್ನ ಮೇಲೆ ಎರ್ಜುರುಮ್, ತಬ್ರೀಜ್. ವೆನಿಸ್‌ನಿಂದ ತರಿಸಿದ ನಿಲುವುಗನ್ನಡಿಗಳು ದಾರಿಯಲ್ಲಿ ಒಡೆದು, ಆ ಚೂರುಗಳನ್ನೇ ಗೋಡೆಗೆ ಕೂಡಿಸಿದ್ದರಿಂದ ಇರಾನಿನ ಕನ್ನಡಿ ಕುಸುರಿ ಹುಟ್ಟಿತೆಂಬ ಕಥೆ ಇದೆ. ನಿಜವೋ ಸುಳ್ಳೋ, ದಾರಿ ಹೇಗಿತ್ತೆಂಬುದಂತೂ ತಿಳಿಯುತ್ತದೆ.

ಹಾಗೆಂದು ಇರಾನಿಗೆ ಗಾಜು ಹೊಸದಲ್ಲ. ಸಸಾನಿ ಅರಸರ ಕಾಲದ ಕೊರೆದ ಗಾಜಿನ ಬಟ್ಟಲೊಂದು ಜಪಾನಿನ ನಾರಾದ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇದೆ. ಷೀರಾಜಿನಲ್ಲಿ ಸಫಾವಿ ದೊರೆಗಳ ಕಾಲದಿಂದಲೂ ಗಾಜು ಊದುತ್ತಿದ್ದರು. ಆದರೆ ಅರಮನೆ-ಸಿರಿವಂತರಿಗೆ ಬೇಕಾದ ಭಾರಿ ಕೆತ್ತನೆ, ಪದರದ ಬಣ್ಣ ಬೊಹೀಮಿಯಾದಿಂದಲೂ ಫ್ರಾನ್ಸಿನಿಂದಲೂ ಬಂತು.

ನನಗೆ ಇದರಲ್ಲಿ ತುಂಬ ಹಿಡಿಸಿದ ತಮಾಷೆ 1873ರದು. ಆ ವರ್ಷ ಮೊದಲ ಯುರೋಪ್ ಪ್ರವಾಸ ಹೊರಟ ಷಾ ವಿಯೆನ್ನಾದ ವಿಶ್ವ ಪ್ರದರ್ಶನಕ್ಕೂ ಬಂದ. ಅದೇ ದಶಕದಲ್ಲಿ ವಿಯೆನ್ನಾದ ಲೋಬ್‌ಮೈರ್ ಸಂಸ್ಥೆ ಅರಬ್, ಪರ್ಷಿಯನ್ ಬಳ್ಳಿಗಳನ್ನು ಎನಾಮಲ್‌ನಲ್ಲಿ ಬರೆದ ಗಾಜನ್ನು ಮಾಡತೊಡಗಿತ್ತು. ಪ್ಯಾರಿಸ್ಸಿನಲ್ಲಿ ಬ್ರೊಕಾರ್ ಎಂಬ ಗಾಜುಗಾರ ಹಳೆಯ ಮಸೀದಿ ದೀಪಗಳ ಮಾದರಿಯಲ್ಲಿ ಹೊಸ ದೀಪ ಮಾಡುತ್ತಿದ್ದ. ಕೊಳ್ಳುವವರು ಯುರೋಪಿನವರೇ. ಅಂದರೆ ತೆಹ್ರಾನಿನ ಸಿರಿವಂತ ಯುರೋಪಿನ ಗುಲಾಬಿ ಕೇಳುತ್ತಿದ್ದ, ವಿಯೆನ್ನಾದ ಸಿರಿವಂತ ಪರ್ಷಿಯಾದ ಬಳ್ಳಿ ಕೇಳುತ್ತಿದ್ದ. ಶತಮಾನದ ಕೊನೆಗೆ ಈ ಕೊಡುಕೊಳ್ಳುವಿಕೆ ಇನ್ನೂ ಮುಂದೆ ಹೋಯಿತು. ಇರಾನಿನ ಕುಲುಮೆಗಳ ಬಾಗಿದ ಕುತ್ತಿಗೆಯ ಸರಳ ಪನ್ನೀರುದಾನಿಯನ್ನು ನೋಡಿ ಅಮೆರಿಕದ ಟಿಫನಿ, ಬೊಹೀಮಿಯಾದ ಲೋಟ್ಸ್ ತಮ್ಮ ಮಿರುಗು ಹೂದಾನಿಗಳನ್ನು ಊದಿದರು. ಇಂದು ಆಧುನಿಕ ಕಲೆಯ ಚರಿತ್ರೆಯಲ್ಲಿ ಆ ಹೂದಾನಿಗಳಿಗೆ ಮೇಲಿನ ಸ್ಥಾನ. ಷಾನ ಮುಖದ ಗುಡುಗುಡಿಗೆ ಇನ್ನೂ ಚೀಟಿ ಅಷ್ಟೆ.

ನೋಡಬೇಕೆಂದರೆ ತೆಹ್ರಾನ್ ಒಳ್ಳೆಯ ಜಾಗ. ಗೋಲೆಸ್ತಾನ್ ಅರಮನೆಯಲ್ಲಿ ಷಾನ ಕಜಾರ್ ವಂಶದ ದೊರೆಗಳ ಯುರೋಪಿನ ತೂಗುದೀಪಗಳಿವೆ. ಹಿಂದೆ ಪ್ರಧಾನಿಯಾಗಿದ್ದ ಅಹ್ಮದ್ ಕವಾಮ್‌ನ ಮನೆಯಲ್ಲಿ 1980ರಿಂದ ನಡೆಯುತ್ತಿರುವ ಗಾಜು-ಪಿಂಗಾಣಿ ವಸ್ತುಸಂಗ್ರಹಾಲಯದಲ್ಲಿ ಇರಾನಿನ ಸ್ವಂತ ಗಾಜಿನ ಪರಂಪರೆಯೂ ನೋಡಲು ಸಿಗುತ್ತದೆ. ಕೊಳ್ಳುವ ಹುಚ್ಚಿದ್ದವರಿಗೆ ಒಂದು ಎಚ್ಚರಿಕೆ: 1857ರಲ್ಲಿ ಶುರುವಾದ ಬೊಹೀಮಿಯಾದ ಗಾಜಿನ ಸಂಸ್ಥೆ ಮೋಸರ್ ಮೊದಲ ವರ್ಷಗಳಲ್ಲಿ ತನ್ನ ಸಾಮಾನಿನ ಮೇಲೆ ಹೆಸರು ಬರೆದದ್ದು ಅಪರೂಪ. ಆದ್ದರಿಂದ ವ್ಯಾಪಾರಿ ‘ಇದು ಮೋಸರ್’ ಎಂದು ಆಣೆ ಹಾಕಿದರೂ ನಂಬುವ ಮೊದಲು ತಳ ತಿರುವಿ ನೋಡಿ. ನೂರಿಪ್ಪತ್ತು ವರ್ಷ ಮೇಜಿನ ಮೇಲೆ ಕೂತ ಪಾತ್ರೆಯ ತಳದಲ್ಲಿ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ, ಕೈ ತಾಗುವ ಕಡೆ ಚಿನ್ನ ಸವೆದಿರುತ್ತದೆ. ಕುತ್ತಿಗೆಯ ಚಿನ್ನ ಥಳಥಳಿಸುತ್ತಿದ್ದು, ತಳದ ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದದ ಕೆಲಸವೆಂದು ತಿಳಿಯಿರಿ. ಲಾಲೆ ದೀಪವನ್ನಂತೂ ಜೋಡಿಯಾಗಿಯೇ ಕೊಳ್ಳಬೇಕು. ಇರಾನಿನ ಮದುವೆಯ ಹಾಸಿನ ಮೇಲೆ ಕನ್ನಡಿಯ ಎರಡು ಪಕ್ಕಕ್ಕೂ ದೀಪ ಬೇಕು. ಒಂಟಿ ದೀಪವನ್ನು ಅಲ್ಲಿ ಕೇಳುವವರಿಲ್ಲ.